ಎಣ್ಣೆ ಸುಳ್ಳು ಹೇಳುವುದಿಲ್ಲ

ಮಾಷ್ಟ್ರು ಯಾರ ಮನೆಗೆ ಬಂದರೂ ಅವರಿಗಿಂತ ಮೊದಲು ಅವರ ಮೂಗು ಬರುತ್ತಿತ್ತು. ನಮ್ಮ ಗೇಟಿನ ಚಿಲಕಕ್ಕೆ ಕೈ ಹಾಕುವಾಗಲೇ ಅಡುಗೆಮನೆಗೆ ಕೇಳುವ ಹಾಗೆ ಕೂಗುತ್ತಿದ್ದರು: "ಹ್ವಾಯ್, ಇವತ್ತ್ ಬಂಗ್ಡಿ ಅಲ್ದಾ? ಹುಳಿ ಇನ್ನೂ ಬೀಳ್ಲಿಲ್ಲ ಕಾಂತ್!"

ನಿಜ. ನಾನಿನ್ನೂ ಹುಣಸೆಹಣ್ಣು ಕಿವುಚುತ್ತಾ ನಿಂತಿರುತ್ತಿದ್ದೆ. ಅವರು ಜಗಲಿಯಲ್ಲಿ ಕುಳಿತು, ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡು, ಯಾರೂ ಕೇಳದಿದ್ದರೂ ಕಾರಣ ಹೇಳುತ್ತಿದ್ದರು. ಹಸಿ ಮೀನಿನ ವಾಸನೆ ಗಾಳಿಯಲ್ಲಿ ಹಾರುವ ಜಾತಿಯದ್ದು. ಹುಳಿ ಸೇರಿದ ಕೂಡಲೇ ಅದು ಉಪ್ಪಿನ ಸ್ವಭಾವಕ್ಕೆ ಬಂದು ಸಾರಿನ ನೀರಿಗೇ ಅಂಟಿಕೊಳ್ಳುತ್ತದೆ. ಮೂಗಿನವರೆಗೆ ಎದ್ದು ಬರಲು ಅದಕ್ಕೆ ಮತ್ತೆ ಆಗುವುದಿಲ್ಲ. ನನ್ನ ಅತ್ತೆಗೆ ಇಂಥ ಮಾತು ಕೇಳಿದರೆ ಮೈ ಉರಿ.

"ನನ್ ಅಜ್ಜಿಯೂ ಮೀನಿಗೆ ಹುಳಿ ಹಾಕ್ತಿದ್ರ್ ಮಾಷ್ಟ್ರೇ. ಅವ್ರಿಗೆ ಯಾರೂ ಪಾಠ ಮಾಡ್ಲಿಲ್ಲ."

"ಹಾಕೂಕೆ ಅವ್ರಿಗೆ ಗೊತ್ತಿತ್ತ್. ಕಾರಣ ಹೇಳೂಕೆ ನಾ ಬಂದದ್ದ್. ಊಟಕ್ಕೂ ಇರ್ತೆ."

ಈ ದೀಪಾವಳಿ ಕಳೆದ ಮೇಲೆ ಮಾಷ್ಟ್ರು ತೀರಿಹೋದರು. ಅವರ ಮನೆಯ ಕೀಲಿಕೈ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ದಿನಾ ಸಂಜೆ ಹೋಗಿ ಅಂಗಳ ಗುಡಿಸಿ ಬರುತ್ತೇನೆ. ಬಾವಿಯ ಹತ್ತಿರ ಮಾತ್ರ ಗುಡಿಸುವುದಿಲ್ಲ.

ನನ್ನ ತವರು ಉಪ್ಪುಂದ. ನಾನು ಹೈಸ್ಕೂಲಿಗೆ ಹೋಗುವಾಗ ನಮಗೆ ವಿಜ್ಞಾನ ಹೇಳಿದವರು ಇವರೇ. ಆಮೇಲೆ ಮದುವೆಯಾಗಿ ತಲ್ಲೂರಿನ ಆಚೆ ಹೆದ್ದಾರಿಗೆ ತಾಗಿದ ಈ ಕೇರಿಗೆ ಬಂದರೆ, ನಡುವೆ ಒಂದು ಮೋಟು ಗೋಡೆ ಬಿಟ್ಟು ಪಕ್ಕದ ಮನೆಯಲ್ಲಿ ಅದೇ ಮಾಷ್ಟ್ರು! ನಾನು ತಲೆ ತಗ್ಗಿಸಿಕೊಂಡು ಹೊಸಿಲು ದಾಟುತ್ತಿದ್ದೇನೆ, ಅವರು ಗೋಡೆಯ ಆಚೆಯಿಂದ, "ಎಂತ ಹೆಣೆ, ಇಲೆಕ್ಟ್ರಾನ್ ಇಲ್ ಬಂದ್ ಬಿತ್ತಾ?" ಎಂದರು. ನನ್ನ ಯಜಮಾನರಿಗೆ ಇದೇನೆಂದು ಅರ್ಥವಾಗದೆ ಒಂದು ವಾರ ನನ್ನನ್ನು ಅನುಮಾನದಿಂದ ನೋಡಿದರು.

ಅದರ ಕಥೆ ಹೀಗೆ. ಉಪ್ಪುಂದದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನಾವು ಮಕ್ಕಳೆಲ್ಲ ಕಂಡವರೇ. ಬಲೆ ಕಡಲಲ್ಲಿ ಇರುತ್ತದೆ, ಅದರ ಎರಡು ಹಗ್ಗಗಳನ್ನು ಎರಡು ಗುಂಪು ದಡದಲ್ಲಿ ನಿಂತು ಎಳೆಯುತ್ತದೆ. ಒಂದು ದಿನ ಮಾಷ್ಟ್ರು ದಪ್ಪದೊಂದು ಹಗ್ಗ ಹಿಡಿದುಕೊಂಡು ಬಂದು ನಮ್ಮನ್ನು ಶಾಲೆಯ ಹಿಂದಿನ ಹೊಯಿಗೆಗೆ, ಮರಳಿನ ಬಯಲಿಗೆ, ಕರೆದುಕೊಂಡು ಹೋದರು. ಹಗ್ಗದ ನಡುವನ್ನು ನನ್ನ ಸೊಂಟಕ್ಕೆ ಸುತ್ತಿದರು, ನಾನೇ ಇಲೆಕ್ಟ್ರಾನ್ ಅಂತೆ. ಮೊದಲು ಎರಡು ಗುಂಪನ್ನು ಎದುರುಬದುರಾಗಿ ನಿಲ್ಲಿಸಿ ಎಳೆಸಿದರು. ನಾನು ನಿಂತಲ್ಲೇ ನಿಂತೆ. "ಇದ್ ಇಂಗಾಲದ ಡೈಆಕ್ಸೈಡ್. ಎರಡೂ ಬದಿಲಿ ಜಗ್ಗ್ತಾ ಇದ್ರ್, ಜೋರಾಗೇ ಜಗ್ಗ್ತಾ ಇದ್ರ್. ಆರೆ ನೆಟ್ಟಗೆ ಎದ್ರಾಬದ್ರ. ಹಾಂಗಾಯಿ ಲೆಕ್ಕ ಸೊನ್ನೆ." ಆಮೇಲೆ ಎರಡೂ ಗುಂಪನ್ನು ಒಂದೇ ಬದಿಗೆ, ರಂಪಣಿಯವರ ಹಾಗೆ ಓರೆಯಾಗಿ ನಿಲ್ಲಿಸಿದರು. "ಈಗ ಎಳಿನಿ." ನಾನು ಹೊಯಿಗೆಯ ಮೇಲೆ ಮುಗ್ಗರಿಸಿ ಹೋದೆ. ಮೊಣಕಾಲು ತರಚಿ ರಕ್ತ. "ಇದ್ ನೀರ್!" ಎಂದು ಅವರು ಕುಣಿದರು. "ಕಾಣಿ, ಬಲೆ ದಡಕ್ಕೆ ಬಂತ್!"

ನೀರಿನಲ್ಲಿ ಎಳೆಯುವವನು ನಡುವೆ ಕೂತ ಆಮ್ಲಜನಕ, ಎರಡು ಜಲಜನಕಗಳಿಂದ ಇಲೆಕ್ಟ್ರಾನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಆದರೂ ಲೆಕ್ಕ ಒಂದೇ ಎಂದು ಆಮೇಲೆ ತಿದ್ದಿ ಹೇಳಿದರು. ನೀರಿನ ಅಣು ನಡುವೆ ಬಾಗಿದೆ, ಆದ್ದರಿಂದ ಎಳೆತ ಒಂದು ಕಡೆಗೆ ಉಳಿಯುತ್ತದೆ. ಒಂದು ತುದಿ ಸ್ವಲ್ಪ ಋಣ, ಇನ್ನೊಂದು ತುದಿ ಸ್ವಲ್ಪ ಧನ. ಅದೇ ಧ್ರುವೀಯ. ಎಣ್ಣೆ, ಸೀಮೆಎಣ್ಣೆ, ಪೆಟ್ರೋಲುಗಳಲ್ಲಿ ಇಂಗಾಲ, ಜಲಜನಕ ಎರಡೂ ಹೆಚ್ಚುಕಡಿಮೆ ಸಮಬಲದವು. ಯಾರೂ ಯಾರನ್ನೂ ಜಗ್ಗುವುದಿಲ್ಲ. ಹೇಗೆ ಬಾಗಿಸಿದರೂ ತುದಿ ಹುಟ್ಟುವುದಿಲ್ಲ. ಅದು ಅಧ್ರುವೀಯ. ನೀರಿನ ಒಂದು ಅಣುವಿನ ಧನ ತುದಿ ಮತ್ತೊಂದರ ಋಣ ತುದಿಯನ್ನು ಹಿಡಿದುಕೊಂಡಿರುತ್ತದೆ, ಜಾತ್ರೆಯಲ್ಲಿ ತಪ್ಪಿಹೋಗಬಾರದೆಂದು ಮಕ್ಕಳು ಕೈಹಿಡಿದ ಹಾಗೆ. ನಡುವೆ ಎಣ್ಣೆ ನುಗ್ಗಬೇಕಾದರೆ ಅವು ಕೈ ಬಿಡಬೇಕು. "ನೀರಿಗೆ ಎಣ್ಣಿ ಮೇಲೆ ಸಿಟ್ಟಿಲ್ಲ. ಅದ್ ತನ್ನವ್ರ ಕೈ ಬಿಡೂಕೆ ಒಪ್ಪುದಿಲ್ಲ, ಅಷ್ಟೇ."

ಮೊಣಕಾಲು ಹಿಡಿದುಕೊಂಡು ಕುಳಿತ ನಾನು ಅಳು ಮರೆಸಲಿಕ್ಕೆಂದು ಕೇಳಿದ್ದೆ: "ಒಂಚೂರೂ ಕರ್ಗುದಿಲ್ವಾ ಸಾರ್?"

"ಒಂಚೂರೂ ಇಲ್ಲ. ಪರೀಕ್ಷೆಲಿ 'ಇಲ್ಲ' ಅಂದೇಳಿ ಬರಿ, ಒಂದ್ ಮಾರ್ಕ್."

ನಾನು ಹಾಗೆಯೇ ಬರೆದೆ. ಮಾರ್ಕೂ ಸಿಕ್ಕಿತು.

ಅವರಿಗೆ ಮದುವೆಯಾಗಿರಲಿಲ್ಲ. ಜೊತೆಯಲ್ಲಿದ್ದ ತಂಗಿಗೂ ಆಗಿರಲಿಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮದುವೆಯ ಮಾತು ಬಂದರೆ ಮಾಷ್ಟ್ರು, "ನನ್ನ್ ಎರಡ್ ಬದೀಗೂ ಸಮ ಜಗ್ಗಿರ್, ಯಾರ್ ಕಡಿಗೂ ವಾಲೂಕಾಯ್ಲಿಲ್ಲ" ಎಂದು ನಗುತ್ತಿದ್ದರು. ಅಕ್ಕ ಒಳಗಿನಿಂದ, "ಜಗ್ಗೂಕೆ ಒಂದ್ ಹೆಣ್ಣಾರೂ ಬಂದಿತ್ತಾ ಅಣ್ಣಯ್ಯ? ಸುಮ್ನೆ ಹೇಳ್ಬೇಡ" ಎನ್ನುತ್ತಿದ್ದರು. ಅಕ್ಕನದು ಮಾತು ಕಡಿಮೆ. ಅಣ್ಣನ ಪಾಠವನ್ನು ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳುವವರು ಮಾತ್ರ ಅವರೊಬ್ಬರೇ. ಅರ್ಥವಾದದ್ದು ಎಷ್ಟೋ ಗೊತ್ತಿಲ್ಲ. ಆದರೆ ಅಣ್ಣ ಹೇಳಿದ ಮೇಲೆ ಅದು ಮುಗಿಯಿತು ಎಂಬಂತೆ ಒಮ್ಮೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ಊರಿಗೆಲ್ಲ ಮಾಷ್ಟ್ರ ಉಪಕಾರ ಇಂಥದ್ದೇ. ಹಲಸಿನಕಾಯಿ ಕೊಯ್ದು ಕೈಯೆಲ್ಲ ಮೇಣವಾದರೆ ತೆಂಗಿನೆಣ್ಣೆ ಹಚ್ಚುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರು ಅದೇ ನ್ಯಾಯವನ್ನು ಬೇರೆ ಕಡೆಗೂ ಹಿಡಿದುಕೊಂಡು ಹೋಗುತ್ತಿದ್ದರು. ಹಸಿಮೆಣಸು ಹೆಚ್ಚಿ ಕೈ ಉರಿಯುತ್ತದೆ ಎಂದು ನಾನು ನೀರಿನಲ್ಲಿ ಅದ್ದಿಕೊಂಡಿದ್ದರೆ, "ನೀರಿಗೂ ಅದ್ಕೂ ಮಾತಿಲ್ಲ ಹೆಣೆ, ಎಣ್ಣಿ ತಿಕ್ಕಿ ಮತ್ತೆ ಸಾಬೂನ್ ಹಾಕ್" ಎನ್ನುವರು. ಸಾಬೂನಿನ ಮೇಲೆ ಅವರಿಗೆ ವಿಶೇಷ ಪ್ರೀತಿ. ಒಂದು ತುದಿ ನೀರಿನ ಕಡೆಗೆ, ಒಂದು ತುದಿ ಎಣ್ಣೆಯ ಕಡೆಗೆ. "ಎರಡ್ ಮನಿಗೂ ಬೇಕಾದ ಸೊಸಿ" ಎನ್ನುತ್ತಿದ್ದರು. ಆಗ ಅತ್ತೆ ನನ್ನ ಮುಖ ನೋಡುತ್ತಿದ್ದರು.

ಬೇಸಿಗೆ ಬಂದರೆ ನಮ್ಮ ಕಡೆ ಬಾವಿಗೆ ಉಪ್ಪು ಏರುತ್ತದೆ. ಕಣ್ಣಿಗೆ ತಿಳಿನೀರು, ಬಾಯಿಗೆ ಹಾಕಿದರೆ ಚಪ್ಪೆಯೂ ಅಲ್ಲದ ಉಪ್ಪೂ ಅಲ್ಲದ ಒಂದು ಒಗರು. ಆಗ ಮಾಷ್ಟ್ರು ಹೇಳುತ್ತಿದ್ದ ಮಾತು ಇಡೀ ಕೇರಿಗೆ ಬಾಯಿಪಾಠ: "ಉಪ್ಪ್ ಕಳ್ಳ. ಕಾಣ್ದ್ ಹಾಂಗೆ ಒಳ್ಗ್ ಹೊಕ್ಕ್ ಕೂಕಂತ್. ಎಣ್ಣಿ ಹಾಂಗಲ್ಲ. ಎಣ್ಣಿ ಮರ್ಯಾದಿಯದ್ದ್. ಮೇಲೆ ನಿಂತ್ಕಂಡ್ ನಾ ಇಲ್ಲಿದ್ದೆ ಅಂತ್. ಎಣ್ಣಿ ಸುಳ್ಳ್ ಹೇಳುದಿಲ್ಲ."

ಕೊರೊನಾ ಬಂದಾಗ ಅಣ್ಣತಂಗಿ ಇಬ್ಬರಿಗೂ ಜ್ವರ ಬಂತು. ನಾವು ಗೋಡೆಯ ಮೇಲೆ ಗಂಜಿಯ ಪಾತ್ರೆ ಇಟ್ಟು ಬರುತ್ತಿದ್ದೆವು. ಇಬ್ಬರೂ ಎದ್ದರು. ಅದಾದ ಮೇಲೆ ಒಂದು ಬದಲಾವಣೆಯಾಯಿತು, ಅದು ನನಗೆ ತಿಳಿಯಲಿಕ್ಕೆ ದಿನ ಹಿಡಿಯಿತು. ಮಾಷ್ಟ್ರು ಗೇಟಿನಿಂದ ಕೂಗುವುದು ನಿಂತಿತ್ತು. ಅಡುಗೆಮನೆಯ ಬಾಗಿಲವರೆಗೆ ಬಂದು, ಇಣುಕಿ ಪಾತ್ರೆ ನೋಡಿ, ಆಮೇಲೆ "ಓ, ಇವತ್ತ್ ಬೂತಾಯಿ" ಎನ್ನುವರು. ಒಂದು ಬೆಳಿಗ್ಗೆ ಅವರ ಮನೆಯಿಂದ ಹಾಲು ಸೀದ ವಾಸನೆ ಗೋಡೆ ದಾಟಿ ಬಂತು. ಓಡಿಹೋದರೆ ಅಕ್ಕ ಪೇಟೆಗೆ ಹೋಗಿದ್ದಾರೆ, ಒಲೆಯ ಮೇಲೆ ಪಾತ್ರೆ ಕರ್ರಗಾಗಿದೆ, ಮಾಷ್ಟ್ರು ಮೂರು ಮಾರು ದೂರದಲ್ಲಿ ಕುಳಿತು ಪೇಪರ್ ಓದುತ್ತಿದ್ದಾರೆ. ನಾನು ಗ್ಯಾಸ್ ಆರಿಸಿದೆ. ಅವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು. "ಪೇಪರಲ್ಲಿ ಮುಳ್ಗಿದ್ದೆ" ಎಂದರು. ಅಷ್ಟೇ. ಯಾರ ಹತ್ತಿರವೂ ಅವರು ತಮ್ಮ ಮೂಗಿನ ಮಾತು ಎತ್ತಲಿಲ್ಲ. ಜೀವಮಾನವಿಡೀ ಪ್ರಯೋಗಶಾಲೆಯ ಸೀಸೆಗಳನ್ನು ಮೂಗಿನಿಂದಲೇ ಗುರುತು ಹಿಡಿದವರು ಅದನ್ನು ಹೇಳುವುದಾದರೂ ಹೇಗೆ?

ಹೆದ್ದಾರಿಯ ಮೂಲೆಯಲ್ಲಿ ಮೊದಲು ಒಂದು ಪೆಟ್ರೋಲ್ ಬಂಕ್ ಇತ್ತು. ರಸ್ತೆ ಫೋರ್‌ಲೇನ್ ಆಗುವಾಗ ಅದು ಹೋಯಿತು. ನಡೆಸುತ್ತಿದ್ದವರು ಅದಕ್ಕೂ ಮುಂಚೆ ತೀರಿಕೊಂಡಿದ್ದರು. ಮೇಲಿನ ಕಟ್ಟಡ ಕೆಡವಿದರು, ಮಣ್ಣು ಹಾಕಿ ಡಾಮರು ಹಾಕಿದರು. ನೆಲದೊಳಗಿನ ಟ್ಯಾಂಕಿನ ನೆನಪು ಯಾರಿಗೂ ಬರಲಿಲ್ಲ. ಜ್ವರದ ಮರುವರ್ಷದ ಮಳೆಗಾಲದಲ್ಲಿ, ಮಾಷ್ಟ್ರ ಅಂಗಳದ, ಕೇರಿಯೆಲ್ಲ ಸೇದುವ ಬಾವಿಯ ನೀರು ಕಟ್ಟೆಯ ಹತ್ತಿರಕ್ಕೆ ಏರಿದಾಗ, ಅಕ್ಕ ಬೆಳಿಗ್ಗೆ ಕೊಡಪಾನ ಇಳಿಸಿ ಹಾಗೇ ನಿಂತುಬಿಟ್ಟರು. ನೀರಿನ ಮೇಲೆ ನವಿಲುಗರಿಯ ಹಾಗೆ ಬಣ್ಣ.

ಕೇರಿಯೆಲ್ಲ ಬಾವಿಕಟ್ಟೆಯ ಸುತ್ತ ಸೇರಿತು. ಪೆಟ್ರೋಲಿನ ವಾಸನೆ ಹಗ್ಗಕ್ಕೂ ಹತ್ತಿತ್ತು. ಪಂಚಾಯತಿನಿಂದ ಇಬ್ಬರು ಬಂದು ನೋಡಿದರು. ಟ್ಯಾಂಕ್ ರಸ್ತೆಯಡಿಗೆ ಹೋಗಿದೆ, ರಸ್ತೆ ಅಗೆಯುವುದು ತಮ್ಮ ಕೈಯಲ್ಲಿಲ್ಲ, ನಳ್ಳಿಯ ನೀರು ಬಳಸಿ ಎಂದು ಹೇಳಿ ಹೋದರು. ನಳ್ಳಿಯಲ್ಲಿ ನೀರು ದಿನ ಬಿಟ್ಟು ದಿನ. ಅದರಲ್ಲಿ ಕುಚ್ಚಲಕ್ಕಿ ಬೇಯಿಸಿದರೆ ಅನ್ನ ಹಳದಿ, ಬ್ಲೀಚಿಂಗ್ ಪೌಡರಿನ ಕಮಟು. ಎಲ್ಲರೂ ಮಾಷ್ಟ್ರ ಮುಖ ನೋಡಿದರು.

ಮಾಷ್ಟ್ರು ಒಂದು ಗಾಜಿನ ಲೋಟ ತರಿಸಿದರು. ಮೇಲಿನ ಬಣ್ಣವನ್ನು ಬದಿಗೆ ಸರಿಸಿ, ಕೊಡಪಾನವನ್ನು ಆಳಕ್ಕೆ ಮುಳುಗಿಸಿ ಎತ್ತಿ, ಲೋಟಕ್ಕೆ ಸುರಿದು, ಬೆಳಕಿಗೆ ಹಿಡಿದರು. ಸ್ಫಟಿಕದ ಹಾಗಿತ್ತು.

"ಕಾಣಿ. ಮೇಲಿದ್ದದ್ದ್ ಮೇಲೇ ಇತ್ತ್. ಕೆಳ್ಗಿನ್ ನೀರಿಗೆ ಎಂತ ಆಯ್ಲಿಲ್ಲ."

"ವಾಸ್ನಿ ಬತ್ತ್ ಮಾಷ್ಟ್ರೇ" ಎಂದರು ಅತ್ತೆ.

"ಅದ್ ಮೇಲಿನ್ ಎಣ್ಣಿದ್. ಅಲ್ಲೇ ನಿಂತ್ಕಂಡ್ರೆ ಮೂಗಿಗೆ ಹೊಡ್ಯತ್ತ್."

"ಲೋಟಕ್ಕೂ ಬತ್ತ್. ನನ್ ಮೂಗ್ ಸುಳ್ಳ್ ಹೇಳತ್ತಾ?"

"ಎಣ್ಣಿ ನೀರಲ್ಲಿ ಕರ್ಗುದಿಲ್ಲ ಅತ್ಯಮ್ಮ. ನನ್ ಮಾತಲ್ಲ, ಶಾಸ್ತ್ರ." ಲೋಟವನ್ನು ಮೂಗಿನ ಹತ್ತಿರಕ್ಕೆ ಒಯ್ದರು. ನಾನು ಅವರನ್ನೇ ನೋಡುತ್ತಿದ್ದೆ. ಒಮ್ಮೆ ಉಸಿರೆಳೆದರು, ಮತ್ತೊಮ್ಮೆ ಎಳೆದರು. "ಎಂತದೂ ಇಲ್ಲ" ಎಂದರು. ಎಲ್ಲರ ಎದುರು ಗಟಗಟ ಕುಡಿದರು.

ಅಕ್ಕ ಚೌಕಟ್ಟಿಗೆ ಒರಗಿ ನಿಂತಿದ್ದರು. ಒಮ್ಮೆ ತಲೆಯಾಡಿಸಿದರು. ಕೊಡಪಾನ ಎತ್ತಿಕೊಂಡು ಒಳಗೆ ಹೋದರು.

ನಮ್ಮ ಮನೆಯಲ್ಲಿ ಅತ್ತೆಯ ಹಟಕ್ಕೆ ನಳ್ಳಿಯ ನೀರೇ ಆಯಿತು. ಉಳಿದ ಮನೆಯವರೂ ನಿಧಾನವಾಗಿ ಹಾಗೇ ಮಾಡಿದರು, ಮಾಷ್ಟ್ರಿಗೆ ಬೇಸರವಾಗಬಾರದೆಂದು ಎರಡು ದಿನ ಅಲ್ಲಿಂದ ಒಯ್ದು, ಮೂರನೆಯ ದಿನದಿಂದ ನಿಲ್ಲಿಸಿದರು. ಆ ಬಾವಿಯ ನೀರು ಕುಡಿಯಲಿಕ್ಕೆ ಉಳಿದವರು ಅವರಿಬ್ಬರೇ. ಮಾಷ್ಟ್ರು ಹುಮ್ಮಸ್ಸಿನಿಂದ ಒಂದು ಏರ್ಪಾಡು ಮಾಡಿದ್ದರು. ಹಳೆಯ ಪಂಚೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, ಅಡಿಕೆ ಹಾಳೆಗೆ ಕಟ್ಟಿ ನೀರಿನ ಮೇಲೆ ತೇಲಿಬಿಡುವುದು. ಸಮಸ್ವಭಾವದ್ದು ಸಮಸ್ವಭಾವದ್ದನ್ನು ಸೆಳೆಯುತ್ತದೆ. ಪಂಚೆ ಬಣ್ಣವನ್ನು ಹೀರಿಕೊಳ್ಳುತ್ತಿತ್ತು, ಸುಳ್ಳಲ್ಲ. ಪಂಪಿಗೆ ನೀರೆಳೆಯುವ ಫುಟ್‌ವಾಲ್ವನ್ನು ಬಾವಿಯ ತಳಕ್ಕೆ ಇಳಿಸಿದರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು.

ಅಕ್ಕನ ಮನೆಯ ಕುಡಿಯುವ ನೀರಿನ ಮಣ್ಣಿನ ಹೂಜಿಯಲ್ಲಿ ಲಾವಂಚದ ಬೇರು ಕಂಡದ್ದು ಆ ಮಳೆಗಾಲದಲ್ಲೇ. ನಮ್ಮ ಕಡೆ ಬೇಸಿಗೆಯಲ್ಲಿ ತಂಪಿಗೆಂದು, ಪರಿಮಳಕ್ಕೆಂದು ನೀರಿಗೆ ಲಾವಂಚ ಹಾಕುತ್ತಾರೆ. ಆಟಿಯ, ಅಂದರೆ ಆಷಾಢದ, ಮಳೆಯಲ್ಲಿ ಯಾರು ಹಾಕುತ್ತಾರೆ? ಅದೂ ಒಂದು ಎಳೆ ಅಲ್ಲ, ಮುಷ್ಟಿ ದಪ್ಪದ ಕಟ್ಟು.

"ಇದ್ ಎಂತಕ್ಕ್ ಅಕ್ಕ ಈ ಚಳಿಲಿ?"

ಅಕ್ಕ ಜಗಲಿಯ ಕಡೆಗೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬಂದವ್ರ್ ಲೋಟ ಬಾಯಿಗಿಟ್ಟ್ ಮುಖ ಕಿವುಚ್ತ್ರ್. ಅಣ್ಣಯ್ಯ ಕಂಡ್ರೆ ಬೇಜಾರ್ ಮಾಡ್ಕಂತ."

"ಹಾಂಗಾರೆ ನಿಮ್ಗೂ ವಾಸ್ನಿ ಬತ್ತ್?"

"ಬತ್ತ್. ಗಂಜಿಗೂ ಬತ್ತ್. ಬರೀ ವಾಸ್ನಿ ಅಲ್ದಾ, ವಾಸ್ನಿ ಕುಡ್ದ್ ಯಾರಾರೂ ಸತ್ತದ್ದಿತ್ತಾ? ನೀರಿಗೆ ಎಂತ ಆಯ್ಲಿಲ್ಲ ಅಂದ್ ಅವ ಹೇಳ್ದ." ಸ್ವಲ್ಪ ಹೊತ್ತು ಬೇರಿನ ಕಟ್ಟನ್ನು ನೀರಿನೊಳಗೆ ಅದುಮಿ ಹಿಡಿದಿದ್ದರು. "ಅವ್ನ ಮೂಗ್ ಹೋಯ್ತ್ ಹೆಣೆ. ನಂಗೆ ಗೊತ್ತಿತ್ ಅಂದೇಳಿ ಅವ್ನಿಗೆ ಗೊತ್ತಾಪ್ಪುದ್ ಬೇಡ."

ಮರುದಿನವೇ ನಾನು ಮಾಷ್ಟ್ರ ಹತ್ತಿರ, ನಿಮ್ಮ ನೀರು ವಾಸನೆ ಬರುತ್ತದೆ, ಬಿಟ್ಟುಬಿಡಿ ಎಂದೆ. ಅವರು ನಕ್ಕರು. "ಅತ್ಯಮ್ಮನ್ ಕೈಲಿ ಪಾಠ ಹೇಳ್ಸ್ಕಂಡ್ ಬಂದ್ಯಾ?" ಎಂದರು. ನಾನು ನಮ್ಮ ನಳ್ಳಿಯ ನೀರನ್ನು ಒಂದು ಕೊಡ ಗೋಡೆಯ ಮೇಲೆ ಇಟ್ಟು ಬಂದೆ. ಅಕ್ಕ ಅದನ್ನು ಬಟ್ಟೆ ಒಗೆಯಲು ಬಳಸಿದರು.

ಎರಡು ಮಳೆಗಾಲ ಕಳೆಯಿತು. ಅಕ್ಕನಿಗೆ ಮೊದಲು ಸುಸ್ತು ಬಂತು. ಬಟ್ಟೆ ಹಿಂಡುವಾಗ ಕುಳಿತುಕೊಳ್ಳುವರು. ಆಮೇಲೆ ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ. ಹಲ್ಲುಜ್ಜಿದರೆ ರಕ್ತ. ಕುಂದಾಪುರದಲ್ಲಿ ತೋರಿಸಿದ್ದಾಯಿತು, ದೊಡ್ಡಾಸ್ಪತ್ರೆಗೆ ಹೋದದ್ದಾಯಿತು. ಮೈಯಲ್ಲಿ ರಕ್ತ ಹುಟ್ಟುವ ಜಾಗವೇ ಕೆಲಸ ನಿಲ್ಲಿಸಿದೆ ಎಂದರು. ನಾನೂ ಜೊತೆಗೆ ಹೋಗಿದ್ದೆ. ಮಾಷ್ಟ್ರು ಡಾಕ್ಟರ ಮೇಜಿನ ಅಂಚನ್ನು ಹಿಡಿದುಕೊಂಡು, ಶಾಲೆಯ ಹುಡುಗನ ಹಾಗೆ ನಿಂತು ಕೇಳಿದರು: "ಪೆಟ್ರೋಲಿನಲ್ಲಿರುವ ಬೆಂಜೀನಿನಿಂದ ಹೀಗಾಗುವುದುಂಟಾ?"

"ಉಂಟು. ಆದರೆ ಇವರಿಗೆ ಅದರಿಂದಲೇ ಆಯಿತು ಎಂದು ಹೇಳಲಿಕ್ಕಾಗುವುದಿಲ್ಲ. ಕಾರಣವೇ ಸಿಗದೆಯೂ ಬರುತ್ತದೆ. ನೀವೂ ಅದೇ ನೀರು ಕುಡಿದವರಲ್ಲವಾ?"

"ಹೌದು."

"ನಿಮಗೇನೂ ಆಗಲಿಲ್ಲವಲ್ಲ."

ಇದು ಸಮಾಧಾನಕ್ಕೆ ಹೇಳಿದ ಮಾತು. ಬಸ್ಸಿನಲ್ಲಿ ಬರುವಾಗ ಬ್ರಹ್ಮಾವರ ದಾಟುವವರೆಗೂ ಮಾಷ್ಟ್ರು ಎದುರಿನ ಸೀಟಿನ ಕಬ್ಬಿಣವನ್ನು ಹಿಡಿದ ಕೈ ಬಿಡಲಿಲ್ಲ. ಟಿಕೆಟ್ ಎಂದು ಕಂಡಕ್ಟರ್ ಮೂರು ಸಲ ಕೇಳಿದ. ನಾನೇ ತೆಗೆದೆ.

ಚೌತಿಗೆ ಮೊದಲು ಅಕ್ಕ ಹೋದರು. ಅಂಗಳದಲ್ಲಿ ಮೀಯಿಸುವುದಕ್ಕೆ ನೆಂಟರ ಹುಡುಗರು ಬಾವಿಗೆ ಕೊಡಪಾನ ಇಳಿಸಿದ್ದರು. ಅದುವರೆಗೆ ಕಂಬಕ್ಕೆ ಒರಗಿ ಕುಳಿತಿದ್ದ ಮಾಷ್ಟ್ರು ಎದ್ದು ಓಡಿದರು. ಹಗ್ಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ಈ ನೀರ್ ಬೇಡ. ಅವ್ಳಿಗೆ ಈ ನೀರ್ ಹಾಕ್ಬೇಡಿ." ತಮ್ಮದೇ ಬಾವಿಯ ನೀರು ಬಿಟ್ಟು ಬೇರೆ ನೀರಿನಲ್ಲಿ ಮೀಯಿಸುತ್ತಾರಾ ಎಂದು ಹಿರಿಯರು ಗೊಣಗಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಅಂದರು. ನಾನು, ಅತ್ತೆ ಗೋಡೆಯ ಮೇಲಿನಿಂದ ನಳ್ಳಿಯ ನೀರು ದಾಟಿಸಿದೆವು. ಮಾಷ್ಟ್ರ ಮುಷ್ಟಿಯಿಂದ ಹಗ್ಗವನ್ನು ಬಿಡಿಸಬೇಕಾಯಿತು, ಬೆರಳು ಬೆರಳಾಗಿ.

ಬೊಜ್ಜದ ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅವರು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಲಾವಂಚದ ಕಟ್ಟು. ಹೂಜಿ ತೊಳೆಯಲಿಕ್ಕೆ ಹೋದಾಗ ಸಿಕ್ಕಿತಂತೆ. ಒಣಗಿ ಕಪ್ಪಾಗಿತ್ತು.

"ಹೆಣೆ, ಇದ್ ಎಂತಕ್ಕೆ ಇಷ್ಟ್ ಹಾಕಿದ್ಲ್ ಅವ್ಳ್?"

ನಾನು ಒಲೆಯ ಕಡೆ ತಿರುಗಿದೆ. ಅತ್ತೆ ಅಲ್ಲೇ ಕುಳಿತು ಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಿದರು.

"ಅವ್ಳಿಗೆ ವಾಸ್ನಿ ಬತ್ತಿತ್ತಾ?"

ಅಕ್ಕ ಹೇಳಬೇಡ ಎಂದಿದ್ದರು. ಹೇಳಬೇಡ ಎಂದವರು ಈಗ ಇಲ್ಲ. ಕೇಳುವವರು ಎದುರು ನಿಂತಿದ್ದಾರೆ, ಜೀವಮಾನವಿಡೀ ಎದುರಿಗಿದ್ದವರಿಗೆ ಕಾರಣ ಹೇಳಿದ ಮನುಷ್ಯ, ಒಂದು ಕಾರಣ ಕೇಳುತ್ತಿದ್ದಾರೆ.

"ಬತ್ತಿತ್ತ್ ಮಾಷ್ಟ್ರೇ."

"ಶುರುವಿಂದ?"

"ಶುರುವಿಂದ."

ಅವರು ಹೊಸಿಲ ಮೇಲೆ ಕುಳಿತರು. ಅತ್ತೆ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟರು, ಬಯ್ಯಲಿಲ್ಲ. ಆ ದಿನ ಮಾಷ್ಟ್ರು ನನಗೆ ಮಾಡಿದ್ದು ಅವರ ಕೊನೆಯ ಪಾಠ. ದನಿಯಲ್ಲಿ ಏರಿಳಿತ ಇರಲಿಲ್ಲ. ನೀರು ಕೈ ಬಿಡುವುದಿಲ್ಲ ಎಂದರೆ ಪೂರ್ತಿ ಬಿಡುವುದಿಲ್ಲ ಎಂದಲ್ಲ. ಕೋಟಿಗಟ್ಟಲೆ ಕೈಗಳಲ್ಲಿ ಎಲ್ಲೋ ಕೆಲವು ಸಡಿಲವಾಗುತ್ತವೆ. ಅಲ್ಲಿ ಒಂದೊಂದೇ ಅಣು ಒಳಗೆ ಸೇರುತ್ತದೆ. ಅದರಲ್ಲೂ ಬೆಂಜೀನಿನಂಥ ಬಳೆಯಾಕಾರದವಕ್ಕೆ, ಸ್ವಂತ ತುದಿ ಇಲ್ಲದಿದ್ದರೂ, ನೀರಿನ ಜೊತೆ ಸ್ವಲ್ಪ ಹೆಚ್ಚು ಸಲಿಗೆ. ಒಳಗೆ ಸೇರಿದ್ದು ಮೇಲೆ ತೇಲುವುದಿಲ್ಲ. ಬಣ್ಣ ಕಾಣುವುದಿಲ್ಲ. ಪಂಚೆ ಮೇಲಿದ್ದದ್ದನ್ನು ಹೀರುತ್ತದೆ, ಕೆಳಗಿನದ್ದನ್ನಲ್ಲ.

"ಪುಸ್ತಕದಲ್ಲಿ 'ಬಹಳ ಕಡಿಮೆ ಕರಗುತ್ತದೆ' ಅಂದ್ ಇತ್ತ್ ಹೆಣೆ. ಮಕ್ಕಳ್ ತಲಿ ಕೆಡತ್ತ್ ಅಂದೇಳಿ ನಾನೇ ಅದ್ನ ತೆಗ್ದ್ ಹಾಕ್ದೆ. 'ಇಲ್ಲ' ಅಂದ್ರೆ ನೆನ್ಪಿರತ್ತ್. ವರ್ಷ ವರ್ಷ 'ಇಲ್ಲ' ಅಂದೆ. ಅಂದ್ ಅಂದ್ ನಂಗೂ ಅದೇ ಆಯ್ತ್."

ಲಾವಂಚದ ಕಟ್ಟನ್ನು ಮೂಗಿಗೆ ಹಿಡಿದು ಉಸಿರೆಳೆದರು. ಮತ್ತೊಮ್ಮೆ ಎಳೆದರು.

"ಪರಿಮಳ ಇತ್ತಾ ಇದ್ಕೆ, ಈಗ್ಳೂ?"

"ಇತ್ತ್" ಎಂದೆ. ಇರಲಿಲ್ಲ. ಪೆಟ್ರೋಲಿನ ವಾಸನೆ ಮಾತ್ರ ಬೇರಿನಲ್ಲಿ ಉಳಿದಿತ್ತು.

ಆಮೇಲೆ ಮಾಷ್ಟ್ರು ಯಾರಿಗೂ ಏನನ್ನೂ ವಿವರಿಸಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಂದು, "ಸಾರ್, ಆ ರಂಪಣಿ ಪಾಠ ಇವತ್ತಿಗೂ ಮರ್ತಿಲ್ಲೆ" ಎಂದರೆ, "ಮರ್ತ್ ಬಿಡಿ" ಎನ್ನುತ್ತಿದ್ದರು. ಅವರು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ನಾನು ದಿನಾ ಬೆಳಿಗ್ಗೆ ಗೋಡೆಯ ಮೇಲೆ ಒಂದು ಕೊಡ ನಳ್ಳಿಯ ನೀರು ಇಡುತ್ತಿದ್ದೆ. ಸಂಜೆ ಕೊಡ ಖಾಲಿಯಾಗಿ ಅಲ್ಲೇ ಇರುತ್ತಿತ್ತು. ಕುಡಿಯುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಬೇಗ ಹೋದರೆ ಅವರು ಅದನ್ನು ತುಳಸಿಯ ಬುಡಕ್ಕೆ ಸುರಿಯುತ್ತಿದ್ದರು. ಪಕ್ಕದಲ್ಲಿ ಬಾವಿಯಿಂದ ಎತ್ತಿದ ಕೊಡಪಾನ. ತೇಲಿಬಿಡುವ ಪಂಚೆಯನ್ನು ಅವರು ಯಾವಾಗಲೋ ತೆಗೆದಿದ್ದರು.

"ಮಾಷ್ಟ್ರೇ, ಎಂತ ಮಾಡ್ತಾ ಇದ್ರಿ ನೀವ್?"

"ನಂಗ್ ಎಂತ ಆತ್ತ್? ಡಾಕ್ಟ್ರ್ ಹೇಳ್ಲಿಲ್ಯಾ, ನಂಗ್ ಎಂತದೂ ಆಯ್ಲಿಲ್ಲ ಅಂದ್."

ಬೈದೆ. ಕೊಡಪಾನವನ್ನು ಎತ್ತಿಕೊಂಡು ಬಂದೆ. ಅವರ ಹತ್ತಿರ ಇನ್ನೊಂದಿತ್ತು. ಯಜಮಾನರು ಬಾವಿಗೆ ಹಲಗೆ ಮುಚ್ಚಿದರು. ಬೆಳಗಾಗುವಾಗ ಹಲಗೆ ಬದಿಗೆ ಇರುತ್ತಿತ್ತು. ಒಬ್ಬ ಮನುಷ್ಯ ತನ್ನ ಬಾವಿಯ ನೀರು ಕುಡಿಯುವುದನ್ನು ತಡೆಯಲಿಕ್ಕೆ ಯಾರ ಹತ್ತಿರ ಹೋಗುವುದು? ಕೊನೆಗೆ ಒಂದು ಸಂಜೆ ಅವರೇ ಗೋಡೆಯ ಹತ್ತಿರ ಬಂದು ನಿಂತರು. "ನಾ ಸತ್ತ್ ಹೋರೆ, ನನ್ನ ಮೀಸೂಕೆ ಈ ಬಾವಿ ನೀರೇ ತೆಗಿ ಹೆಣೆ. ಹುಡ್ಗ್ರಿಗೆ ಗೊತ್ತಾತಿಲ್ಲ, ನೀನೇ ಕಾಣ್ಕ್." ಅವರು ಕಾಯುತ್ತಾ ನಿಂತರು. ನಾನು ಹೂಂ ಎಂದ ಮೇಲೆಯೇ ಹೋದರು.

ನೀರಿನಿಂದ ಅವರಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಪೇಪರ್ ಹುಡುಗ ಕರೆದಾಗ ಎದ್ದಿರಲಿಲ್ಲ, ಎದೆ ನಿಂತಿತ್ತು. ಅಕ್ಕನದ್ದು ಆ ನೀರಿನಿಂದಲೋ ಅಲ್ಲವೋ ಎಂಬುದು ಅವರಿಗೆ ಗೊತ್ತಾಗದೆಯೇ ಹೋಯಿತು. ನಮಗೂ ಗೊತ್ತಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇಲ್ಲ.

ಮಾಷ್ಟ್ರ ದೊಡ್ಡಪ್ಪನ ಮೊಮ್ಮಗನೊಬ್ಬ ಮುಂಬೈಯಿಂದ ಬಂದಿದ್ದ, ಅಲ್ಲಿ ಹೋಟೆಲು. ಕ್ರಿಯೆಗೆ ಕೂರುವವನು ಅವನೇ. "ಅಕ್ಕ, ನೀರ್ ಎಲ್ಲಿಂದ ತರುದ್?" ಎಂದು ನನ್ನನ್ನು ಕೇಳಿದ. ಅತ್ತೆ ನನ್ನ ಮುಖ ನೋಡಿದರು. ನಾನು ಹಲಗೆ ಸರಿಸಿ, ಹಗ್ಗ ಇಳಿಸಿದೆ. ಬಣ್ಣವನ್ನು ಬದಿಗೆ ಸರಿಸಲಿಲ್ಲ. ಬಂದ ಹಾಗೆ ಎತ್ತಿದೆ.

ಗಂಡಸರು ಮೀಯಿಸಿದರು. ನೀರು ಮಣೆಯಿಂದ ಇಳಿದು ಅಂಗಳದಲ್ಲಿ ಬಾವಿಯ ಹತ್ತಿರದ ತಗ್ಗಿನಲ್ಲಿ ನಿಂತಿತು. ಬಿಸಿಲು ಬಿದ್ದ ಕೂಡಲೇ ಅದರ ಮೇಲೆ ನವಿಲುಗರಿ ಬಿಚ್ಚಿಕೊಂಡಿತು. ನೋಡುತ್ತಾ ಇದ್ದ ಹಾಗೆ ನೀರು ಮಣ್ಣಿಗೆ ಇಂಗಿಹೋಯಿತು, ಬಣ್ಣದ ಪೊರೆ ಮಾತ್ರ ಅಂಗಳದ ಮೇಲೆ ಕುಳಿತಿತ್ತು.

ಮುಂಬೈಯ ಹುಡುಗ ಮೂಗು ಅರಳಿಸಿ ಸುತ್ತ ನೋಡಿದ. "ಪೆಟ್ರೋಲ್ ವಾಸ್ನಿ ಬತ್ತ್ ಅಲ್ದಾ? ಯಾರ್ದೋ ಬೈಕ್ ಲೀಕ್ ಆತಾ ಇತ್ತ್ ಕಾಂತ್. ಕಾಣಿ ಮಾರಾಯ್ರೆ ಒಂದ್ಸಲ."

ಇಬ್ಬರು ಎದ್ದು ಗೇಟಿನ ಹೊರಗೆ ಹೋಗಿ, ಬಾಗಿ, ಸಾಲಾಗಿ ನಿಂತ ಬೈಕುಗಳ ಅಡಿಯನ್ನೆಲ್ಲ ನೋಡಿ ಬಂದರು. ಎಂತದೂ ಇಲ್ಲ ಎಂದರು. ಒಳಗಿನಿಂದ ಯಾರೋ ಹೆಂಗಸು ಬಂದು, ಮಾಷ್ಟ್ರ ತಲೆಯ ಹತ್ತಿರ ಇನ್ನೊಂದು ಕಟ್ಟು ಊದಿನಕಡ್ಡಿ ಹಚ್ಚಿಟ್ಟರು.